ಪಾಂಡೇಸರಾದಲ್ಲಿ ಕುಡಿಯದ ಕಾಫಿ

ಮಧ್ಯಸ್ಥಗಾರರು ಒಂದು ಪಕ್ಷದವರ ಕಾಫಿಯನ್ನು ಒಬ್ಬರೇ ಕುಡಿಯುವುದಿಲ್ಲ. ಎರಡೂ ಕಡೆಯವರು ಕುಡಿದರೆ ಕುಡಿಯಬಹುದು, ಇಲ್ಲದಿದ್ದರೆ ಬ್ಯಾಗಿನಲ್ಲಿರುವ ನೀರಿನ ಬಾಟಲಿಯೇ ಗತಿ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ, ಹಿರಿಯರನ್ನು ನೋಡಿ ಕಲಿತದ್ದು. ವ್ಯಾಪಾರದ ಜಗಳವನ್ನು ಕೋರ್ಟಿಗೆ ಒಯ್ಯದೆ, ಇಬ್ಬರೂ ಒಪ್ಪಿ ಕೂರಿಸಿದ ತೀರ್ಪುಗಾರರಿಗೆ ಆ ಒಪ್ಪಿಗೆ ಬಿಟ್ಟರೆ ಬೇರೆ ಬಲವಿಲ್ಲ.

ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಗಿರಣಿಯೊಂದು ವಡೋದರಾದಿಂದ ಯಂತ್ರ ತರಿಸಿಕೊಂಡಿತ್ತು. ಬಣ್ಣ ಒಂದೇ ಸಮ ಹಿಡಿಯುತ್ತಿಲ್ಲ, ದೋಷ ಯಂತ್ರದ್ದು ಎಂದು ಗಿರಣಿಯವರು ಹೇಳಿದರೆ, ದೋಷ ನಿಮ್ಮ ನೀರಿನದು ಎಂದು ಯಂತ್ರದವರು. ನಾನೊಬ್ಬಳೇ ಕೂತು ನಡೆಸಿದ ಮೊದಲ ಪ್ರಕರಣ ಅದು. ಮಧ್ಯಸ್ಥಗಾರರ ಸಂಸ್ಥೆಯಲ್ಲಿ ನಾನು ಸಾಮಾನ್ಯ ಸದಸ್ಯೆ. ಮೇಲಿನ ದರ್ಜೆಗೆ, ಫೆಲೋ ಆಗಲು, ಹೀಗೊಂದು ಪ್ರಕರಣವನ್ನು ತೀರ್ಪಿನವರೆಗೆ ಮುಟ್ಟಿಸಿ ಹಿರಿಯರ ಸಂದರ್ಶನ ಎದುರಿಸಬೇಕಿತ್ತು.

ಯಂತ್ರ ಓಡುವುದನ್ನು ನೋಡಲು ಹೋದ ದಿನ ಎರಡೂ ಕಡೆಯ ವಕೀಲರೊಂದಿಗೆ ಹಬೆಯ ನಡುವೆ ನಿಂತಿದ್ದೆ. ಗಿರಣಿಯ ಕ್ಯಾಂಟೀನ್ ನಡೆಸುವವರು ಸ್ಟೀಲ್ ಲೋಟ ಹಿಡಿದು ನೇರ ನನ್ನ ಹತ್ತಿರ ಬಂದರು.

"ಹೆಣೆ, ನೀನಾ! ಎಷ್ಟ್ ಸಪುರ ಆದೆ ಮಾರಾಯ್ತಿ. ಊಟ ಗೀಟ ಮಾಡ್ತ್ಯಾ ಇಲ್ಯಾ?"

ಕುಂದಾಪುರದ ಆ ದನಿ ಕೇಳಿದ ಕೂಡಲೇ ಗುರುತಾಯಿತು. ನಾನು ಸೂರತ್ತಿನಲ್ಲಿ ಕಾನೂನು ಓದುವಾಗ ಹಾಸ್ಟೆಲಿನ ಪಕ್ಕದಲ್ಲಿ ಉಡುಪಿ ಹೋಟೆಲ್ ಇಟ್ಟಿದ್ದವರು. ನೆಂಟಸ್ತಿಕೆಯಿಲ್ಲದಿದ್ದರೂ ನನಗೆ ಅವರು ಮಾವ. ಜ್ವರ ಬಂದು ಮಲಗಿದ್ದಾಗ ವಾರ್ಡನ್ ಜೊತೆ ಜಗಳವಾಡಿ ಗಂಜಿ, ಉಪ್ಪಿನಕಾಯಿ ಒಳಗೆ ಕಳಿಸಿದವರು. ಅಹಮದಾಬಾದಿನ ಚಾಂದ್‌ಖೇಡಾದ ಕ್ವಾರ್ಟರ್ಸಿನಲ್ಲಿ ಹಿಂದಿಯಲ್ಲೇ ಬೆಳೆದ ನನಗೆ ಕನ್ನಡ ಸಲೀಸಾದದ್ದು ಅವರ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ.

"ಈಗ ಬೇಡ ಮಾವ," ಎಂದೆ.

"ಸಕ್ರೆ ಕಮ್ಮಿಯೇ ಹಾಕಿದ್ದ್."

"ಗೊತ್ತು. ಆದ್ರೂ ಬೇಡ."

ಅವರು ಲೋಟ ಹಿಡಿದುಕೊಂಡೇ ವಾಪಸಾದರು. ನಾನು ಅಲ್ಲೇ ಇಬ್ಬರು ವಕೀಲರಿಗೂ ನಮ್ಮ ಪರಿಚಯ ಹೇಳಿದೆ. ಮರುದಿನ ಬರೆದೂ ತಿಳಿಸಿದೆ. ಓದುವ ದಿನಗಳಿಂದ ಬಲ್ಲೆ ಎಂದಷ್ಟೇ ಬರೆದಿದ್ದರೂ ಸಾಕಿತ್ತು. ನಾನು ಹೋಟೆಲು, ಮೂಲೆಯ ಟೇಬಲ್ಲು, ಗಂಜಿ ಎಲ್ಲವನ್ನೂ ಬರೆದೆ. ಮುಂದೆ ಯಾರೂ ನನ್ನ ತೀರ್ಪಿನತ್ತ ಬೆರಳು ತೋರಿಸಬಾರದು ಎಂಬ ಆಸೆ ಆ ಪ್ರಾಮಾಣಿಕತೆಯೊಳಗೇ ಕೂತಿತ್ತು.

ಯಂತ್ರದವರು ಆಕ್ಷೇಪವಿಲ್ಲ ಎಂದರು. ಆದರೆ ಮುಂದಿನ ವಿಚಾರಣೆಗೆ ಹೋದಾಗ ಗಿರಣಿಯಲ್ಲಿ ಬೇರೆ ಯಾರೋ ಪೇಪರ್ ಕಪ್ಪಿನಲ್ಲಿ ಚಹಾ ತಂದಿಟ್ಟರು. ಗಿರಣಿಯ ಮ್ಯಾನೇಜರ್ ಎಲ್ಲರೆದುರೇ ನಕ್ಕು ಹೇಳಿದರು: "ಕ್ಯಾಂಟೀನ್‌ವಾಲಾ ಬದಲ್ ದಿಯಾ, ಮೇಡಂ. ಅಬ್ ಕೋಯಿ ಝಂಝಟ್ ನಹೀಂ."

ತಕರಾರು ಬೇಡವೆಂದು ಕ್ಯಾಂಟೀನಿನವರನ್ನೇ ಬದಲಿಸಿ ಎಂದು ನಾನು ಹೇಳಿರಲಿಲ್ಲ ಎಂದೆ. ಅವರನ್ನು ಮರಳಿ ಕರೆಯಿರಿ ಎನ್ನಲು ಬಾಯಿಯವರೆಗೆ ಬಂದಿತ್ತು. ಆದರೆ ಮಧ್ಯಸ್ಥಗಾರ್ತಿ ಒಂದು ಪಕ್ಷದ ಹತ್ತಿರ ಉಪಕಾರ ಬೇಡುವಂತಿಲ್ಲ. ತೀರ್ಪು ಕೊಡುವವರೆಗೆ ಮಾವನಿಗೆ ಫೋನ್ ಮಾಡುವುದೂ ಸರಿಯಲ್ಲ. ಆ ವಾರ ಅವರ ಕರೆ ಬಂತು. ಪರದೆಯ ಮೇಲೆ ಅವರ ಹೆಸರು ಬೆಳಗಿ ಆರುವವರೆಗೆ ನೋಡುತ್ತ ಕೂತೆ. ಪ್ರಕರಣದಿಂದ ಹಿಂದೆ ಸರಿದಿದ್ದರೆ ಆ ಕರೆ ತೆಗೆದುಕೊಳ್ಳಬಹುದಿತ್ತು. ಸರಿದಿದ್ದರೆ ಫೆಲೋಶಿಪ್ಪೂ ಕೈತಪ್ಪುತ್ತಿತ್ತು. ನಾನು ಸರಿಯಲಿಲ್ಲ.

ತೀರ್ಪು ಕೊಟ್ಟೆ. ಸಂದರ್ಶನ ವಡೋದರಾದಲ್ಲಿ. ಉದ್ದ ಮೇಜಿನ ಆಚೆ ಕೂತಿದ್ದ ಹಿರಿಯರೊಬ್ಬರು, ನಿಮ್ಮ ನಿಷ್ಪಕ್ಷಪಾತಕ್ಕೆ ಪರೀಕ್ಷೆ ಎದುರಾದ ಒಂದು ಸಂದರ್ಭ ಹೇಳಿ ಎಂದರು. ಊರು, ಹೆಸರು ಬಿಟ್ಟು ಲೋಟದ ಕಥೆ ಹೇಳಿದೆ, ಗಂಜಿಯನ್ನೂ ಸೇರಿಸಿ. ಅವರು ತಲೆದೂಗಿದರು. ಹೀಗೇ ಇರಬೇಕು ಎಂದರು. ಆ ಕ್ಯಾಂಟೀನಿನವರು ಏನಾದರು ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಫಲಿತಾಂಶ ಬಂದ ಮೇಲೆ ಮಾವನಿಗೆ ಫೋನ್ ಮಾಡಿದೆ. ಅವರು ನಾನಿರುವ ಅಹಮದಾಬಾದಿನಲ್ಲೇ ಇದ್ದರು. ಮಣಿನಗರ ಸ್ಟೇಷನ್ನಿನ ಎದುರು ಅವರ ಭಾವನ ಹೋಟೆಲಿನಲ್ಲಿ ಟೇಬಲ್ ನೋಡಿಕೊಳ್ಳುತ್ತಿದ್ದರು. ಹೋದೆ.

"ಬಂದ್ಯಾ ಜಡ್ಜಮ್ಮ! ಇವತ್ತಾರೂ ಕುಡಿತ್ಯಾ, ಅಲ್ಲ ಆಚೆ ಪಾರ್ಟಿಯವರನ್ನೂ ಕರೀಕಾ?"

ನಗಲು ಪ್ರಯತ್ನಿಸಿದೆ. ಕಾಫಿ ತಂದಿಟ್ಟರು.

"ಮಾವ, ನಿಮ್ಮ ಕ್ಯಾಂಟೀನ್ ಹೋಗಿದ್ದು ನನ್ನಿಂದ."

"ಹೋದ್ದ್ ಹೋಯ್ತ್. ನೀ ಪಾಸಾದ್ಯಲ್ಲ?"

"ಪಾಸಾಗಿದ್ದೂ ಅದರಿಂದಲೇ. ನಿಮ್ಮ ಕಾಫಿ ಬೇಡ ಅಂದಿದ್ದನ್ನ ಅವರಿಗೆ ಹೇಳಿದೆ. ಮೆಚ್ಚಿಕೊಂಡ್ರು."

ಟೇಬಲ್ ಒರೆಸುತ್ತಿದ್ದ ಅವರ ಕೈ ನಿಂತಿತು. "ಹಂಗಾರೆ ನನ್ನಿಂದ್ಲೇ ಪಾಸಾದ್ದ್ ಅನ್ನ್," ಎಂದು ನಕ್ಕರು. ಆಮೇಲೆ ಕೇಳಿದರು: "ಅಷ್ಟ್ ಜನರೆದ್ರು ಎಂತ ಎಂತ ಹೇಳ್ದೆ? ಗಂಜಿ ಕಳ್ಸಿದ್ದೂ?"

"ಹೂಂ."

"ಅದೊಂದ್ ಹೇಳ್ಬಾರ್ದಿತ್ತ್ ಹೆಣೆ."

ಅಷ್ಟರಲ್ಲಿ ಯಾವುದೋ ಗಾಡಿ ಬಂದು ಗಿರಾಕಿಗಳು ನುಗ್ಗಿದರು. ಮಾವ ಬಟ್ಟೆ ಹೆಗಲಿಗೆ ಹಾಕಿಕೊಂಡು ಅತ್ತ ಹೋದರು. ಕಾಫಿಗೆ ಸಕ್ಕರೆ ಕಮ್ಮಿಯೇ ಇತ್ತು, ನನಗೆ ಬೇಕಾದಷ್ಟೇ. ಕಾಲೇಜಿನ ದಿನಗಳಲ್ಲಿ ನಾನು ಲೋಟ ಕೆಳಗಿಡುವ ಮೊದಲೇ, ಕೇಳದೆ, ಇನ್ನರ್ಧ ಸುರಿಯುತ್ತಿದ್ದರು. ಅವತ್ತು ನನ್ನ ಟೇಬಲ್ಲಿನ ಪಕ್ಕದಿಂದ ಎಷ್ಟೋ ಸಲ ಹಾದುಹೋದರು. ಖಾಲಿ ಲೋಟ ತಣ್ಣಗಾಗುವವರೆಗೆ ಕೂತಿದ್ದೆ.