ಕಪ್ಪೆಯ ಎಡಗಣ್ಣು

ನಮ್ಮ ಯಜಮಾನರಿಗೆ ಒಂದು ಹುಚ್ಚಿದೆ. ಒಂದೇನು ಬಂತು, ಬೇಕಾದಷ್ಟಿವೆ. ಆದರೆ ಈಗ ಹೇಳಹೊರಟಿರುವುದು ಕಣ್ಣಿನ ಹುಚ್ಚು. ಅವರು ಮಾಡುವ ಮರದ ಆಟಿಕೆಗಳಿಗೆ ಎರಡು ಕಣ್ಣೂ ಒಂದೇ ಥರ ಇರಕೂಡದು. ಒಂದಕ್ಕೆ ಅಂಗಿಯ ಗುಂಡಿ ಅಂಟಿಸಿದರೆ ಇನ್ನೊಂದಕ್ಕೆ ಮಣಿ. ಒಂದು ಮೊಳೆಯ ತಲೆಯಾದರೆ ಇನ್ನೊಂದು ಯಾವುದೋ ಬೀಜ. ಯಾಕ್ರೀ ಹೀಗೆ ಎಂದು ಕೇಳಿದರೆ, ಯಾರ ಮುಖದಲ್ಲಿ ಎರಡು ಕಣ್ಣೂ ಒಂದೇ ಥರ ಇವೆ ತೋರಿಸು ನೋಡೋಣ ಎಂದು ನನ್ನ ಮುಖವನ್ನೇ ದಿಟ್ಟಿಸುತ್ತಾರೆ. ಮದುವೆಯಾದ ಹೊಸದರಲ್ಲಿ ನಾಚಿಕೆಯಾಗುತ್ತಿತ್ತು. ಈಗ ಮೈ ಉರಿಯುತ್ತದೆ.

ಹಗಲೆಲ್ಲ ಕುರ್ಚಿ ಮೇಜಿನ ಕಾರ್ಖಾನೆಯಲ್ಲಿ ಕಾಲು ಕೂರಿಸುವ ಕೆಲಸ. ಬರುವಾಗ ಚೀಲದ ತುಂಬ ಚೂರುಪಾರು ಮರ. ಅಡುಗೆಮನೆಯ ಕಿಟಕಿಯ ಕೆಳಗೆ ಒಂದು ಹಲಗೆ ಹಾಕಿಕೊಂಡಿದ್ದಾರೆ, ಸಂಜೆ ಅಲ್ಲಿ ಅವರ ದರ್ಬಾರು. ನಾನು ಒಗ್ಗರಣೆ ಹಾಕುವ ಕಡೆ ಅವರ ಮರದ ಪುಡಿ ಹಾರುತ್ತದೆ, ಅವರು ಅಂಟು ಹಚ್ಚುವ ಕಡೆ ನನ್ನ ಎಣ್ಣೆ ಸಿಡಿಯುತ್ತದೆ, ಇಬ್ಬರೂ ಬೈದಾಡಿಕೊಳ್ಳುತ್ತೇವೆ. ಗೋಡೆಗೆ ತೂಗುಹಾಕಿದ ಸೌಟು ನೋಡಿ ಕೊಕ್ಕರೆ ಮಾಡಿದವರು ಅವರು. ಎದುರುಮನೆಯ ದರ್ಜಿ ಹೊಟ್ಟೆ ಮುಂದೆ ಬಿಟ್ಟುಕೊಂಡು ನಡೆಯುವುದನ್ನು ನೋಡಿ ಬಾತುಕೋಳಿ ಮಾಡಿದರು. ಆ ಪುಣ್ಯಾತ್ಮ ಬಂದು ಅದನ್ನು ಕೈಯಲ್ಲಿ ಹಿಡಿದು, ಎಷ್ಟು ಲಕ್ಷಣವಾಗಿದೆ, ನಮ್ಮ ಮನೆಗೂ ಒಂದು ಮಾಡಿಕೊಡಿ ಎಂದ. ನಗು ತಡೆಯಲಾರದೆ ನಾನು ಒಳಗೆ ಓಡಿದೆ. ಇನ್ನು ನಾನು ಕುರ್ಚಿಯಲ್ಲಿ ತೂಕಡಿಸುವುದನ್ನು ನೋಡಿ ಅವರು ಮಾಡಿದ್ದು ಗೂಬೆ. ಅದರ ವಿಚಾರ ಬಿಡಿ.

ಮೊಮ್ಮಗಳು ಪುಟ್ಟಿ ಅಂಬೆಗಾಲಿಡಲು ಶುರುಮಾಡಿದ ಮೇಲಂತೂ ಇವರನ್ನು ಹಿಡಿಯುವವರೇ ಇಲ್ಲವಾಯಿತು. ದಿನಕ್ಕೊಂದು ಪ್ರಾಣಿ ಹಲಗೆಯಿಂದ ಇಳಿದು ಅವಳ ಕೈಗೆ ಹೋಗುತ್ತಿತ್ತು. ಸೊಸೆಗೆ ಇದು ಹಿಡಿಸುತ್ತಿರಲಿಲ್ಲ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಮಾತು ಕಮ್ಮಿ, ಕಣ್ಣು ಚುರುಕು. ಕೈಗೆ ಸಿಕ್ಕಿದ್ದೆಲ್ಲ ಮಗುವಿನ ಬಾಯಿಗೆ ಹೋಗುತ್ತೆ, ಈ ಗುಂಡಿ ಮಣಿಗಳನ್ನು ಅಂಟಿಸಬೇಡಿ ಎಂದು ಮೊದಲು ಮೆತ್ತಗೆ ಹೇಳಿದಳು, ಆಮೇಲೆ ಗಟ್ಟಿಯಾಗಿಯೇ ಹೇಳಿದಳು. ಇವರು ಆಟಿಕೆಯ ಕಣ್ಣನ್ನು ಉಗುರಿನಿಂದ ಮೀಟಿ ತೋರಿಸಿ, ಆನೆ ಬಂದು ಎಳೆದರೂ ಬರಲ್ಲಮ್ಮ ಎಂದು ನಕ್ಕುಬಿಟ್ಟರು. ಸೊಸೆ ನಗಲಿಲ್ಲ.

ಅದೊಂದು ರಜೆಯ ದಿನ ಮಧ್ಯಾಹ್ನ. ಪುಟ್ಟಿಗೆ ಮೊದಲೇ ನೆಗಡಿಯಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ಕೂತು ಮರದ ಕಪ್ಪೆಯನ್ನು ನೆಲಕ್ಕೆ ಬಡಿಯುತ್ತಿದ್ದವಳು ಇದ್ದಕ್ಕಿದ್ದಂತೆ ಕೆಮ್ಮತೊಡಗಿದಳು. ಕೆಮ್ಮು ನಿಲ್ಲಲಿಲ್ಲ. ಮುಖ ಕೆಂಪಾಗಿ, ಆಮೇಲೆ ತುಟಿಯ ಸುತ್ತ ನೀಲಿಯಾಯಿತು. ನಾನು ಸೊಸೆಯನ್ನು ಕೂಗಿದೆ. ಸೊಸೆ ಓಡಿಬಂದು ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ ಬೆನ್ನಿಗೆ ಗುದ್ದಿದಳು. ಬಾಯಿಂದ ಜೊಲ್ಲು ಬಂತು, ಬೇರೇನೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಕೆಮ್ಮು ತಾನಾಗಿ ನಿಂತಿತು. ಆದರೆ ಉಸಿರೆಳೆದಾಗಲೆಲ್ಲ ಎದೆಯೊಳಗಿಂದ ಸಣ್ಣಗೆ ಸುಯ್ ಎನ್ನುವ ಸದ್ದು. ನೆಲದ ಮೇಲೆ ಬಿದ್ದಿದ್ದ ಕಪ್ಪೆಯನ್ನು ಮಗ ಎತ್ತಿಕೊಂಡ. ಅದಕ್ಕೆ ಎಡಗಣ್ಣು ಇರಲಿಲ್ಲ.

ಸೊಸೆ ಕಪ್ಪೆಯನ್ನು ಕಿತ್ತುಕೊಂಡು ತನ್ನ ಚೀಲಕ್ಕೆ ತುರುಕಿದಳು. ಆಟೋ ಹತ್ತುವಾಗ ಒಂದೇ ಒಂದು ಸಲ ತಿರುಗಿ ಇವರ ಮುಖ ನೋಡಿದಳು. ಬೈದಿದ್ದರೆ ವಾಸಿಯಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಪ್ಪೆಯ ಉಳಿದ ಕಣ್ಣನ್ನು ನೋಡಿ, ಹೋಗಿರುವ ಕಣ್ಣು ಎಂಥದ್ದು ಎಂದು ಕೇಳಿದರು. ಗಾಜಿನ ಮಣಿ, ಎಂದರು ಇವರು. ಗಾಜಾದರೆ ಎಕ್ಸ್‌ರೇಯಲ್ಲಿ ಕಾಣುತ್ತೆ ಎಂದು ಎದೆ, ಹೊಟ್ಟೆ ಎಲ್ಲದರದ್ದೂ ತೆಗೆಸಿದರು. ಎಲ್ಲೂ ಮಣಿ ಇರಲಿಲ್ಲ. ಮನೆಯಲ್ಲೇ ಎಲ್ಲಾದರೂ ಉರುಳಿಹೋಗಿರಬಹುದು, ಈ ಸದ್ದು ನೆಗಡಿಯದ್ದೇ ಇರಬಹುದು, ಸ್ವಲ್ಪ ಹೊತ್ತು ಹೊರಗೆ ಕೂತಿರಿ, ಹೆಚ್ಚಾಗದಿದ್ದರೆ ಔಷಧಿ ಬರೆದು ಮನೆಗೆ ಕಳಿಸುತ್ತೇನೆ ಎಂದರು. ಮಗ ಬೆಂಚಿನ ಮೇಲೆ ಕುಸಿದು ಕೂತು ಮುಖ ಒರೆಸಿಕೊಂಡ. ನಾನಂತೂ ಕಂಡ ಕಂಡ ದೇವರಿಗೆಲ್ಲ ಕೈಮುಗಿದೆ.

ಇವರು ಮಾತ್ರ ಕೂರಲಿಲ್ಲ. ಗೋಡೆಗೆ ಒರಗಿ, ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜುತ್ತಾ ನಿಂತಿದ್ದರು. ಲೆಕ್ಕ ತಪ್ಪಿದಾಗ ಅವರು ಹಾಗೆ ಮಾಡುತ್ತಾರೆ. ಯಾಕ್ರೀ ಎಂದು ಹತ್ತಿರ ಹೋದೆ. ಎರಡು ಕಪ್ಪೆ ಮಾಡಿದ್ದೆ ಕಣೇ ಎಂದರು, ನನಗೆ ಮಾತ್ರ ಕೇಳುವ ಹಾಗೆ. ಒಂದು ನಮ್ಮ ಪುಟ್ಟಿಗೆ, ಇನ್ನೊಂದು ದರ್ಜಿಯ ಮೊಮ್ಮಗನಿಗೆ. ಒಂದರ ಎಡಗಣ್ಣಿಗೆ ಮಣಿ ಅಂಟಿಸಿದ್ದೆ.

ಇನ್ನೊಂದಕ್ಕೆ ಏನು ಎಂದು ಅವರು ಹೇಳಬೇಕಾಗಿರಲಿಲ್ಲ. ನಾನು ತಟ್ಟೆಯಲ್ಲಿ ಅಲಸಂದೆ ಕಾಳು ಹರವಿಕೊಂಡು ಕಲ್ಲು ಆರಿಸುತ್ತಿದ್ದಾಗ ಇವರು ಬಗ್ಗಿ ನೋಡಿ, ಎಲ್ಲ ನನ್ನನ್ನೇ ನೋಡ್ತಿವೆಯಲ್ಲೇ ಎಂದಿದ್ದರು. ಬಿಳೀ ಕಾಳು, ನಡುವೆ ಕಪ್ಪು ಚುಕ್ಕೆ. ಹುಟ್ಟಿನಿಂದಲೇ ಕಣ್ಣಾಗಿರುವ ಕಾಳು ಅದು. ಒಂದನ್ನು ಎತ್ತಿಕೊಂಡರು. ನಾನು ಕೈಮೇಲೆ ಒಂದು ಏಟು ಕೊಟ್ಟರೂ ಬಿಡಲಿಲ್ಲ.

ಯಾವ ಕಪ್ಪೆ ಎದುರುಮನೆಗೆ ಹೋಯಿತು, ಯಾವುದು ನಮ್ಮಲ್ಲಿ ಉಳಿಯಿತು? ಇವರಿಗೆ ನೆನಪಿಲ್ಲ. ನಾನು ಗಮನಿಸಿಯೇ ಇರಲಿಲ್ಲ. ಇವರು ಸೊಸೆಯ ಮುಂದೆ ಹೋಗಿ ನಿಂತು, ಆ ಕಪ್ಪೆ ಒಂದ್ಸಲ ಕೊಡಮ್ಮ ಎಂದರು.

ಸೊಸೆ ಮಗುವನ್ನು ಇನ್ನಷ್ಟು ಅವಚಿಕೊಂಡಳು. "ಇಷ್ಟಾದ್ರೂ ನಿಮಗೆ ಅದೇ ಬೇಕಾ ಮಾವ?"

ಸುತ್ತಲಿನವರು ತಿರುಗಿ ನೋಡಿದರು. ಇವರು ತಲೆ ತಗ್ಗಿಸಿದರೂ ಅಲ್ಲಿಂದ ಕದಲಲಿಲ್ಲ. ನನಗೆ ಎಲ್ಲಿಂದ ಧೈರ್ಯ ಬಂತೋ, ಸೊಸೆಯ ಚೀಲಕ್ಕೆ ನಾನೇ ಕೈ ಹಾಕಿ ಕಪ್ಪೆಯನ್ನು ಎಳೆದು ಇವರ ಕೈಗಿಟ್ಟೆ. ಅವಳು ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ.

ಇವರು ಕಪ್ಪೆಯನ್ನು ಕಿಟಕಿಯ ಬೆಳಕಿಗೆ ಒಯ್ದರು. ಕಣ್ಣಿದ್ದ ಜಾಗದಲ್ಲಿ ಸಣ್ಣ ಗುಳಿ, ಗುಳಿಯಲ್ಲಿ ಒಣಗಿದ ಅಂಟು. ನಾಲಿಗೆಗೆ ಬೆರಳು ತಾಗಿಸಿ ಅಲ್ಲಿ ಒತ್ತಿ, ನಿಧಾನವಾಗಿ ಎತ್ತಿದರು. ಬೆರಳ ತುದಿಗೆ ತೆಳ್ಳಗಿನದೊಂದು ಚೂರು ಅಂಟಿಕೊಂಡು ಬಂತು. ಅಡುಗೆಮನೆಯಲ್ಲೇ ಆಯಸ್ಸು ಕಳೆದವಳು ನಾನು, ನೆನೆಸಿದ ಕಾಳಿನ ಸಿಪ್ಪೆ ನನಗೆ ಗೊತ್ತಾಗುವುದಿಲ್ಲವೇ? ಅಂಟು ಆನೆ ಎಳೆದರೂ ಬಿಡುವಂಥದ್ದಲ್ಲ, ನಿಜವೇ. ಮಗುವಿನ ಜೊಲ್ಲಿಗೆ ಕಾಳು ನೆಂದು, ಅಂಟಿಗೆ ತಾಗಿದ ಸಿಪ್ಪೆಯನ್ನಷ್ಟೇ ಅಲ್ಲೇ ಬಿಟ್ಟು ಜಾರಿಕೊಂಡಿತ್ತು.

ಇವರು ಸೊಸೆಯ ಎದುರೇ ಹಾದುಹೋಗಿ, ಸಾಲಿನಲ್ಲಿದ್ದವರು ಬೈಯುತ್ತಿದ್ದರೂ ಕೇಳದೆ, ಡಾಕ್ಟರಮ್ಮನ ಬಾಗಿಲು ತಳ್ಳಿ ಒಳಗೆ ನುಗ್ಗಿದರು. ನಾನೂ ಹಿಂದೆಯೇ ಹೋದೆ. ಇವರು ಬೆರಳನ್ನು ಮುಂದೆ ಚಾಚಿ, "ಮಣಿ ಅಲ್ಲ ತಾಯಿ. ಕಾಳು. ನಾನೇ ಅಂಟಿಸಿದ್ದು," ಎಂದರು.

ಡಾಕ್ಟರಮ್ಮ ಕೈಲಿದ್ದ ಪೆನ್ನು ಕೆಳಗಿಟ್ಟರು. ಕಾಳು ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಂತೆ. ಉಸಿರಿನ ಕೊಳವೆಯಲ್ಲಿ ಕೂತರೆ ಅಲ್ಲಿನ ಪಸೆಗೆ ಉಬ್ಬುತ್ತಾ ಹೋಗುತ್ತದಂತೆ. ಈಗಲೇ ಮತ್ತಿನ ಮದ್ದು ಕೊಟ್ಟು, ಬಾಯಿಂದ ಕೊಳವೆ ಇಳಿಸಿ ನೋಡಬೇಕು ಎಂದರು. ನರ್ಸು ಮಗುವನ್ನು ಕೊಡಿ ಎಂದಾಗ ಸೊಸೆಯ ತೋಳು ಬಿಚ್ಚಲೇ ಇಲ್ಲ. ಮಗನೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಆ ಮುಚ್ಚಿದ ಬಾಗಿಲ ಮುಂದೆ ನಾವು ನಾಲ್ಕು ಜನ. ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಹೇಳಿಬಿಡುತ್ತೇನೆ. ಪುಟ್ಟಿಗೆ ಏನಾದರೂ ಆದರೆ ಈ ಮನುಷ್ಯನ ಮುಖವನ್ನು ಇನ್ನು ನೋಡಲಾರೆ ಎಂದುಕೊಂಡೆ. ಮರುಗಳಿಗೆಯೇ, ಪುಟ್ಟಿಗೆ ಏನಾದರೂ ಆದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ಹೆದರಿದೆ. ಎರಡೂ ನಿಜವಾಗಿತ್ತು.

ಬಾಗಿಲು ತೆರೆಯಿತು. ಡಾಕ್ಟರಮ್ಮ ಸ್ಟೀಲ್ ಬಟ್ಟಲನ್ನು ತಂದು ತೋರಿಸಿದರು. ಕಾಳು ಉಬ್ಬಿ ಹೋಳಾಗುವುದರಲ್ಲಿತ್ತು, ಕಪ್ಪು ಚುಕ್ಕೆ ಹಾಗೇ ಇತ್ತು. ಒಳಗಿನಿಂದ ಪುಟ್ಟಿ ಗೊಗ್ಗರು ದನಿಯಲ್ಲಿ ಅಳುವುದು ಕೇಳಿಸಿತು. ಸೊಸೆ ಒಳಗೆ ಓಡಿದಳು. ಇವರು ಅಲ್ಲೇ ನೆಲದ ಮೇಲೆ ಕೂತು, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಅವರಮ್ಮ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಮನೆಗೆ ಬಂದವರೇ ಹಲಗೆಯ ಮೇಲಿದ್ದುದನ್ನೆಲ್ಲ ಗೋಣಿಚೀಲಕ್ಕೆ ಸುರಿದು ಅಟ್ಟಕ್ಕೆ ಎಸೆದರು. ಕಾರ್ಖಾನೆಯಿಂದ ಬರಿಗೈಲಿ ಬರತೊಡಗಿದರು. ಕಾಫಿ ಕೊಟ್ಟರೆ ಕುಡಿಯುವರು, ಲೋಟದಲ್ಲಿ ಮೊದಲಿನಂತೆ ಯಾವ ಪ್ರಾಣಿಯನ್ನೂ ಕಾಣರು. ಒಗ್ಗರಣೆಗೆ ಮರದ ಪುಡಿ ಬೀಳದೆ ನನ್ನ ಅಡುಗೆ ಚೊಕ್ಕಟವಾಯಿತು. ಆ ಚೊಕ್ಕಟ ನನಗೆ ಬೇಕಿರಲಿಲ್ಲ. ಪುಟ್ಟಿ ತೆವಳಿಕೊಂಡು ಬಂದು ಖಾಲಿ ಹಲಗೆಯನ್ನು ಬಡಿದು ಬಡಿದು ಇವರ ಮುಖ ನೋಡುತ್ತಿದ್ದಳು. ಇವರು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ಸೊಸೆ ಇದನ್ನೆಲ್ಲ ನೋಡುತ್ತಿದ್ದಳು. ಒಂದು ಸಂಜೆ ಅಂಗಡಿಯಿಂದ ಬಂದವಳು ಸೀದಾ ಏಣಿ ಹಾಕಿ, ಅಟ್ಟದಿಂದ ಗೋಣಿಚೀಲ ಇಳಿಸಿ ಇವರ ಕಾಲ ಬುಡದಲ್ಲಿ ಇಟ್ಟಳು.

"ನೀವು ಹೀಗೆ ಕೂತಿರೋದನ್ನ ನನ್ನಿಂದ ನೋಡಕ್ಕಾಗಲ್ಲ ಮಾವ. ಮಾಡಿ. ಆದ್ರೆ ಏನನ್ನೂ ಅಂಟಿಸೋ ಹಾಗಿಲ್ಲ. ಮೊದಲು ನನ್ನ ಕೈಗೆ ಕೊಡಬೇಕು, ಆಮೇಲೆ ಅವಳಿಗೆ."

ಅವರು ಹಲವು ಸಂಜೆ ಬರೀ ಮರವನ್ನು ತಿರುಗಿಸಿ ನೋಡುತ್ತಾ ಕೂತರು. ಕೊನೆಗೆ ಒಂದೇ ತುಂಡಿನಲ್ಲಿ ಆಮೆ ಮಾಡಿದರು. ಚಕ್ರವಿಲ್ಲ, ಮೊಳೆಯಿಲ್ಲ, ಕಣ್ಣಿನ ಜಾಗದಲ್ಲಿ ಕಾಯಿಸಿದ ಕಬ್ಬಿಣದಿಂದ ಸುಟ್ಟ ಎರಡು ಚುಕ್ಕೆ. ಒಂದು ದೊಡ್ಡದು, ಒಂದು ಚಿಕ್ಕದು. ಅದನ್ನು ಸೊಸೆಯ ಕೈಗೆ ಕೊಟ್ಟರು.

ಅವಳು ನೆಲದ ಮೇಲೆ ಕೂತು ಆಮೆಯ ಕಾಲುಗಳನ್ನು ಒಂದೊಂದಾಗಿ ತಿರುಚಿದಳು. ಕಲ್ಲಿಗೆ ಬಡಿದಳು. ನೀರಲ್ಲಿ ಮುಳುಗಿಸಿ ತೆಗೆದಳು. ಕಡೆಗೆ ಅದರ ತಲೆಯನ್ನೇ ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ದವಡೆ ಬಿಗಿದು ಕಚ್ಚಿದಳು. ಇವರು ಬಾಗಿಲ ಚೌಕಟ್ಟು ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದರು, ನಾನೂ ಅಷ್ಟೇ. ಏನೂ ಮುರಿಯಲಿಲ್ಲ. ಅವಳು ಆಮೆಯನ್ನು ಸೆರಗಿನಿಂದ ಒರೆಸಿ ಇವರ ಕೈಗೇ ವಾಪಸು ಕೊಟ್ಟಳು. ನೀವೇ ಕೊಡಿ ಎಂದಳು.

ಆಮೆಯ ಕತ್ತಿನ ಮೇಲೆ ಸೊಸೆಯ ಹಲ್ಲು ಆಳವಾಗಿ ಮೂಡಿತ್ತು. ಕೂದಲೆಳೆಯಷ್ಟು ಗೀರು ಕಂಡರೂ ಉಜ್ಜಿ ನಯ ಮಾಡದೆ ಬಿಡದ ನಮ್ಮ ಯಜಮಾನರು ಅದರ ಮೇಲೆ ಒಮ್ಮೆ ಹೆಬ್ಬೆರಳಾಡಿಸಿದರು, ಹಾಗೆಯೇ ಪುಟ್ಟಿಯ ಮುಂದೆ ಇಟ್ಟರು.