ಕೆಂಪು ಬಾವುಟದ ಟೈಮ್‌ಟೇಬಲ್

ನನ್ನ ಮೊದಲ ನೀಟ್ ಫಲಿತಾಂಶ ಬಂದ ದಿನ ಸೀಟು ಹೋದದ್ದು ನನಗೆ, ಹಲ್ಲು ಹೋದದ್ದು ಅವ್ವನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ನಮ್ಮ ಮನೆಯಲ್ಲಿ ಅದು ದಿನನಿತ್ಯದ ಪದ್ಧತಿ. "ನಿನ್ನ ದಡ್ಡ ತಲೀನ ಆಕಿಗೆ ಬಂದೈತಿ" ಎಂದು ಅಪ್ಪ ಅವ್ವನ ಕೂದಲು ಹಿಡಿದು ಮುಖವನ್ನು ಬಾಗಿಲ ಚೌಕಟ್ಟಿಗೆ ಬಡಿದ. ಬಿಡಿಸಲು ಹೋದ ನನ್ನ ಬೆನ್ನ ಮೇಲೆ ರಬ್ಬರ್ ಪೈಪಿನ ಏಟು ಬಿತ್ತು. ಅಪ್ಪ ಕುಡಿಯುತ್ತಿರಲಿಲ್ಲ. ಕುಡಿಯುತ್ತಿದ್ದರೆ ಊರವರಿಗೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು.

ಮರುದಿನ ಅದೇ ಮನುಷ್ಯ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ನನ್ನ ಎರಡನೇ ಪ್ರಯತ್ನದ ಟೈಮ್‌ಟೇಬಲ್ ಬರೆಯಲು ಕುಳಿತ. ಸಂಡೂರಿನ ಗಣಿಯಲ್ಲಿ ಅವನು ಬ್ಲಾಸ್ಟಿಂಗ್ ಮೇಟ್. ಮದ್ದು ಸಿಡಿಸುವ ಮುಂಚೆ ಸುತ್ತ ಕೆಂಪು ಬಾವುಟ ನೆಟ್ಟು, ಸೈರನ್ ಕೂಗಿಸಿ, ಜನರನ್ನು ದೂರ ಅಟ್ಟುವುದು ಅವನ ಕೆಲಸ. ನನ್ನ ದಿನವನ್ನೂ ಗಣಿಯಂತೆಯೇ ಶಿಫ್ಟುಗಳಾಗಿ ಹಂಚಿದ: ಎ ಶಿಫ್ಟಿಗೆ ಫಿಸಿಕ್ಸ್, ಬಿ ಶಿಫ್ಟಿಗೆ ಕೆಮಿಸ್ಟ್ರಿ, ಸಿ ಶಿಫ್ಟಿಗೆ ಬಯಾಲಜಿ. ಭಾನುವಾರ ಮಾಕ್ ಟೆಸ್ಟ್. ಟೆಸ್ಟ್ ನಡೆಯುವಾಗ ಯಾರೂ ಒಳಗೆ ನುಗ್ಗಬಾರದೆಂದು ಗಣಿಯಿಂದ ಒಂದು ಹಳೇ ಬಾವುಟ ತಂದು ನನ್ನ ಕೋಣೆಯ ಬಾಗಿಲಿಗೆ ಕಟ್ಟಿಕೊಳ್ಳಲು ಕೊಟ್ಟ.

"ಇದು ಇದ್ದಾಗ ದೇವ್ರು ಬಂದ್ರೂ ದಾಟಬಾರ್ದು. ಕಟ್ಟಿದವ್ರೇ ಬಿಚ್ಚಬೇಕು, ಅದು ಗಣಿ ರೂಲ್" ಅಂದ.

ಅದು ಬರೀ ಮಾತಾಗಿರಲಿಲ್ಲ. ಹಿಂದೊಮ್ಮೆ ಕೂಲಿಯವನೊಬ್ಬ ಮರೆತ ಬುತ್ತಿ ತರುತ್ತೇನೆಂದು ಬಾವುಟ ದಾಟಿದ್ದ. ಅವನನ್ನು ಗೋಣಿಚೀಲದಲ್ಲಿ ಆರಿಸಿ ತಂದವನು ಅಪ್ಪ. ಆಮೇಲೆ ಎಷ್ಟೋ ದಿನ ಬುತ್ತಿಯ ಡಬ್ಬಿ ಕಂಡರೆ ಸಾಕು, ಎತ್ತಿ ಗೋಡೆಗೆ ಎಸೆಯುತ್ತಿದ್ದ.

ಮೊದಲ ಭಾನುವಾರ ನಾನು ಟೆಸ್ಟ್ ಬರೆಯುತ್ತಿದ್ದಾಗ ಹೊರಗೆ ಅಪ್ಪನ ಗುಡುಗು ಶುರುವಾಯಿತು. ಸಾರಿಗೆ ಉಪ್ಪು ಹೆಚ್ಚಾಗಿತ್ತೋ, ಕಡಿಮೆಯಾಗಿತ್ತೋ. ತಪ್ಪಿಸಿಕೊಂಡು ಓಡಿಬಂದ ಅವ್ವ ನನ್ನ ಕೋಣೆಯೊಳಗೆ ಬಿದ್ದಳು. ಬೆನ್ನಟ್ಟಿ ಬಂದ ಅಪ್ಪ ಬಾವುಟದ ಎದುರು ಗೂಟಕ್ಕೆ ಕಟ್ಟಿದ ಎತ್ತಿನಂತೆ ನಿಂತುಬಿಟ್ಟ.

"ಆಕಿಗೇನು ಕೆಲಸ ಅಲ್ಲಿ? ಹೊರಗ ಕಳಸು" ಅಂದ.

ನನಗೆ ಎಲ್ಲಿಂದ ಧೈರ್ಯ ಬಂತೋ. "ಪರೀಕ್ಷಿಗೆ ಇನ್ವಿಜಿಲೇಟರ್ ಬೇಕಲ್ಲಪ್ಪ. ಯಾರರ ಎದುರಿಗೆ ಕುಂದ್ರದಿದ್ರ ರೂಢಿ ಹೆಂಗಾಗ್ತೈತಿ?"

ರೂಲ್ಸ್ ಅಂದರೆ ಅಪ್ಪನಿಗೆ ಮಂತ್ರ. ಯೋಚಿಸಿ ತಲೆಯಾಡಿಸಿದ. ಅಂದಿನಿಂದ ಅವ್ವ ಮಡಿಲಲ್ಲಿ ಅಲಾರಾಂ ಗಡಿಯಾರ ಇಟ್ಟುಕೊಂಡು ಟ್ರಂಕಿನ ಮೇಲೆ ಬಾಗಿಲ ಕಡೆ ಮುಖಮಾಡಿ ಕೂರತೊಡಗಿದಳು.

ಟೈಮ್‌ಟೇಬಲ್ ಅಲ್ಲಿಂದ ನನ್ನ ಕೈಗೆ ಬಂತು. ವಾರಕ್ಕೊಂದು ಇದ್ದ ಟೆಸ್ಟ್ ಎರಡಾಯಿತು, ದಿನ ಬಿಟ್ಟು ದಿನವಾಯಿತು, ಕೊನೆಗೆ ಅಪ್ಪ ಮನೆಯಲ್ಲಿರುವ ಹೊತ್ತೆಲ್ಲ ಟೆಸ್ಟೇ ಆಯಿತು. ಸಿಲೆಬಸ್ ನೋಡಿ ಅಲ್ಲ, ಅಪ್ಪನ ಡ್ಯೂಟಿ ನೋಡಿ ನಾನು ಪ್ಲ್ಯಾನ್ ಮಾಡುತ್ತಿದ್ದೆ. ಅವನು ಡ್ಯೂಟಿಗೆ ಹೋದ ಹೊತ್ತು ಕೋಚಿಂಗಿಗೆ ಹೋಗುತ್ತಿತ್ತು; ಓದಲು ಹೊತ್ತೇ ಉಳಿಯಲಿಲ್ಲ. ಆರ್ಗ್ಯಾನಿಕ್ ಕೆಮಿಸ್ಟ್ರಿಯ ಪುಸ್ತಕ ಮಡಿಕೆ ಬಿಚ್ಚದೆ ಕುಳಿತಿತ್ತು. ಹೊಸಪೇಟೆಯ ಕೋಚಿಂಗಿನ ಮೇಷ್ಟ್ರು ನನ್ನ ಉತ್ತರಪತ್ರಿಕೆಗಳ ಕಟ್ಟು ನೋಡಿ ನಕ್ಕರು. "ದಿನಾ ತಕ್ಕಡಿ ಹತ್ತಿದ್ರ ಮೈ ಬರಲ್ಲವ್ವ. ಉಣ್ಣಬೇಕು."

ಗೊತ್ತಿತ್ತು. ಒಂದು ದಿನ ಟೆಸ್ಟ್ ಬಿಟ್ಟು ಓದಿದರೆ ನನಗೆ ನಾಲ್ಕು ಮಾರ್ಕ್ಸು ಹೆಚ್ಚು, ಅವ್ವನ ಮೈಮೇಲೆ ನಾಲ್ಕು ಬಾಸುಂಡೆ ಹೆಚ್ಚು. ಈ ಲೆಕ್ಕ ಹಾಕುವಾಗ ಅಪ್ಪನ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೋ, ಸುಮ್ಮನೆ ಗಡಿಯಾರ ನೋಡುತ್ತ ಕೂತ ಅವ್ವನ ಮೇಲೂ ಅಷ್ಟೇ ಬರುತ್ತಿತ್ತು.

ಮಾರ್ಕ್ಸು ಇಳಿಯುತ್ತಿರುವುದು ಅಪ್ಪನಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ಮಧ್ಯಾಹ್ನ ಪೈಪು ಹಿಡಿದೇ ಬಂದ. ಬಾವುಟ ಕಟ್ಟಿತ್ತು. "ಬಾವುಟ ಇಳಸಲೇ" ಎಂದು ಅರಚಿದ. ಚೌಕಟ್ಟಿಗೆ ಬಾರಿಸಿದ, ಗೋಡೆಗೆ ಬಾರಿಸಿದ, ಗಾರೆ ಉದುರಿತು. ಹೊರಗಿನಿಂದ ಕಿಟಕಿಯ ಗಾಜು ಒಡೆದ. ಚೂರುಗಳು ನನ್ನ ಪ್ರಶ್ನೆಪತ್ರಿಕೆಯ ಮೇಲೆ ಬಿದ್ದವು. ನಾನು ಹೈಸ್ಕೂಲಿನ ಕೈವಾರವನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ದಾಟಿದರೆ ಕಣ್ಣಿಗೇ ಚುಚ್ಚುವುದು. ಕಣ್ಣಿನ ಚಿತ್ರ ನನಗೆ ಬಾಯಿಪಾಠವಾಗಿತ್ತು: ಮೊದಲು ಕಾರ್ನಿಯಾ, ಆಮೇಲೆ ಲೆನ್ಸ್, ಅದರ ಹಿಂದೆ ರೆಟಿನಾ. ಡಾಕ್ಟರ್ ಆಗಲು ಕಲಿತದ್ದು ಅಂದು ಹಾಗೆ ಕೆಲಸಕ್ಕೆ ಬರುವುದಿತ್ತು.

ಅವ್ವ ಗಡಿಯಾರದಿಂದ ತಲೆ ಎತ್ತಲಿಲ್ಲ. "ಇನ್ನೂ ಟೈಮ್ ಐತ್ರಿ" ಅಂದಳು.

ಅಪ್ಪ ಪೈಪನ್ನು ತನ್ನ ತೊಡೆಗೇ ಬೀಸಿಕೊಂಡ. ರಕ್ತ ಜಿನುಗುವವರೆಗೆ ಬೀಸಿಕೊಂಡು ಹೊಸ್ತಿಲ ಆಚೆ ಕುಸಿದು ಕುಳಿತ.

ಪರೀಕ್ಷೆ ಹೊಸಪೇಟೆಯಲ್ಲಿ. "ಈ ಸಲ ಸೀಟು ಬರ್ಲಿಲ್ಲಂದ್ರ ಇಬ್ರನ್ನೂ ಕ್ವಾರಿಗೆ ನೂಕ್ತೀನಿ" ಎಂದು ಅಪ್ಪ ವಾರವಿಡೀ ಹೇಳಿದ್ದ. ಸೀಟು ಬರುವುದಿಲ್ಲವೆಂದು ನನಗೂ ಗೊತ್ತಿತ್ತು, ಅವ್ವನಿಗೂ. ಆ ಬೆಳಿಗ್ಗೆ ಅವನು ಇಸ್ತ್ರಿ ಅಂಗಿ ತೊಟ್ಟು ನಮ್ಮ ಜೊತೆ ಬರಲು ತಲೆ ಬಾಚುತ್ತಿದ್ದ. ಅವ್ವ ಚೀಲಕ್ಕೆ ಎರಡು ಸೀರೆ ತುರುಕಿಕೊಂಡಳು. ನನ್ನ ಕೋಣೆಯ ಬಾವುಟ ಬಿಚ್ಚಿದಳು. ನಾವಿಬ್ಬರೂ ಹೊರಗೆ ಬಂದ ಮೇಲೆ ಅದನ್ನು ಬೀದಿ ಬಾಗಿಲಿಗೆ ಅಡ್ಡಡ್ಡ ಕಟ್ಟಿದಳು.

ಅಪ್ಪ ಬಾಚಣಿಗೆ ಹಿಡಿದು ಹೊಸ್ತಿಲವರೆಗೆ ಬಂದು ನಿಂತ. "ಲೇ, ತಗಿ ಅದನ್ನ" ಅಂದ. ನಾವು ನಡೆದೆವು. "ತಗಿಯಲೇ" ಎಂಬ ಕೂಗು ಓಣಿಯ ತಿರುವಿನವರೆಗೂ ಬಂತು. ಅಪ್ಪ ಬರಲಿಲ್ಲ. ಬಸ್ಸು ಹೊರಡುವವರೆಗೂ ಬರಲಿಲ್ಲ.

ಪರೀಕ್ಷೆ ಮುಗಿಸಿ ಕಂಪ್ಲಿ ಬಸ್ಸು ಹತ್ತಿದೆವು. ಕಮಲಾಪುರದಲ್ಲಿ ಹಂಪಿ ನೋಡುವವರು ಗದ್ದಲ ಮಾಡುತ್ತ ಇಳಿದರು. ಆಮೇಲೆ ಬಸ್ಸು ಖಾಲಿಯಾಯಿತು. ಅವ್ವನ ಅಕ್ಕ, ನನ್ನ ದೊಡ್ಡವ್ವ, ಕಂಪ್ಲಿಯಲ್ಲಿ ಗದ್ದೆ ಮಾಡಿಕೊಂಡು ಒಬ್ಬಳೇ ಇದ್ದಳು. ಅವ್ವನ ಬಾಯಲ್ಲಿ ಹಲ್ಲಿಲ್ಲದ ಜಾಗ ನೋಡಿ, ಕೈಯಿಂದ ಚೀಲ ತೆಗೆದುಕೊಂಡು ಒಳಗಿಟ್ಟಳು. ಮುಂದೆ ಅಪ್ಪ ಒಂದೇ ಸಲ ಹುಡುಕಿಕೊಂಡು ಬಂದ. ದೊಡ್ಡವ್ವ ಕಬ್ಬು ಕಡಿಯುವ ಮಚ್ಚು ಹಿಡಿದು ಹೊಸ್ತಿಲಲ್ಲಿ ನಿಂತಳು. "ಬರ್ರಿ, ಒಳಗ ಬರ್ರಿ. ಇಲ್ಲಿ ಬಾವುಟ ಗೀವುಟ ಏನಿಲ್ಲ" ಅಂದಳು. ಅವನು ಹಿಂದಕ್ಕೆ ಹೋದ.

ಸೀಟು ಬರಲಿಲ್ಲ. ಮೂರನೇ ಸಲಕ್ಕೆ ಟೈಮ್‌ಟೇಬಲ್ ಬರೆಯಲು ಕುಳಿತೆ. ಬೆಳಿಗ್ಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ, ಮಧ್ಯಾಹ್ನ ಫಿಸಿಕ್ಸ್, ಸಂಜೆ ಬಯಾಲಜಿ. ಅವ್ವ ಪಕ್ಕದಲ್ಲಿ ಕೂತು ನೋಡುತ್ತಿದ್ದಳು.

"ಟೆಸ್ಟ್ ಎಲ್ಲೈತಿ?"

"ಭಾನುವಾರಕ್ಕೊಂದು ಸಾಕು."

ಅವಳು ಹಾಳೆಯ ಮೇಲೆ ಬೆರಳಾಡಿಸಿದಳು. "ಹಂಗಾರ ಉಳಿದ ದಿನ ನಾ ಎಲ್ಲಿ ಕುಂದ್ರಲಿ?"

ಪೆನ್ನು ಕೆಳಗಿಟ್ಟೆ. "ಎಲ್ಲಿ ಬೇಕಂದ್ರ ಅಲ್ಲಿ ಕುಂದ್ರಬೇ" ಅಂದೆ.

ಅವ್ವ ಎದ್ದು ಮನೆಯನ್ನೆಲ್ಲ ಒಮ್ಮೆ ನೋಡಿದಳು. ಹೊರಗಿನ ಕಟ್ಟೆಗೆ ಹೋಗಿ, ಗದ್ದೆಯ ಕಡೆ ಮುಖಮಾಡಿ, ಬಾಗಿಲಿಗೆ ಬೆನ್ನು ಹಾಕಿ ಕುಳಿತಳು.