ಹಿತ್ತಾಳೆ ಬಿಲ್ಲೆ

ನಂಜನಗೂಡಿನಲ್ಲಿ ದೇವಸ್ಥಾನಕ್ಕೆ ಹೋಗುವ ಬೀದಿಯಲ್ಲಿ ಬೆಟ್ಟಸ್ವಾಮಿಯವರ ಅಂಗಡಿಯಿದೆ. ಮುಂದುಗಡೆ ಜೆರಾಕ್ಸ್ ಯಂತ್ರ, ಪಾಸ್‌ಪೋರ್ಟ್ ಫೋಟೊ ತೆಗೆಯಲು ಇಳಿಬಿಟ್ಟ ನೀಲಿ ಪರದೆ. ಹಿಂದುಗಡೆ ಗೋಡೆಯುದ್ದಕ್ಕೂ ಗಾಜಿನ ಬೀರು, ಅದರ ತುಂಬ ಹಳೆಯ ಕ್ಯಾಮೆರಾಗಳು. ಸೋಮವಾರ ನಂಜುಂಡೇಶ್ವರನ ದರ್ಶನ ಮುಗಿಸಿ ಬರುವಾಗ ಆ ಅಂಗಡಿಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂರುವುದು ನನ್ನ ರೂಢಿ. ಈ ಸಂಗತಿಯನ್ನು ಸ್ವಲ್ಪ ಅವರು ಹೇಳಿದರು, ಸ್ವಲ್ಪ ಅವರ ಹೆಂಡತಿ ರುದ್ರಾಣಿ ಹೇಳಿದರು.

ಯಾರಾದರೂ ಅಟ್ಟದಲ್ಲಿ ಸಿಕ್ಕ ಕ್ಯಾಮೆರಾ ತಂದರೆ ಬೆಟ್ಟಸ್ವಾಮಿ ಮೊದಲು ನೋಡುತ್ತಿದ್ದುದು ಕಂಪನಿಯ ಹೆಸರು. ಆಮೇಲೆ ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತಿ ಸದ್ದು ಕೇಳುವರು, ಲೆನ್ಸನ್ನು ಬೆಳಕಿಗೆ ಹಿಡಿದು ಬೂಷ್ಟು ಹಿಡಿದಿದೆಯೇ ನೋಡುವರು. ಹೆಸರಿಲ್ಲದಿದ್ದರೆ ಕಿವಿಯವರೆಗೂ ಹೋಗುತ್ತಿರಲಿಲ್ಲ.

"ಎಸರಿಲ್ದಿದ್ ಕ್ಯಾಮೆರಾ ಅಂದ್ರೆ ಊರು ಗೊತ್ತಿಲ್ದಿದ್ ನೆಂಟ ಇದ್ದಂಗೆ ಕಣ್ರೀ. ಕಾಪಿ ಕೊಟ್ಟು ಕಳಿಸ್ಬುಡಬೇಕು," ಅನ್ನುತ್ತಿದ್ದರು. ತಂದವರೂ ನಗುತ್ತಿದ್ದರು.

ಅವರ ತಂದೆ ಗುರುಮಲ್ಲಪ್ಪ ಈ ಊರಿನ ಹಳೆಯ ಫೋಟೊಗ್ರಾಫರ್. ಅವರ ಬಳಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕರಿ ಬಟ್ಟೆಯೊಳಗೆ ತಲೆ ತೂರಿಸಿ ತೆಗೆಯುವ ಮರದ ಕ್ಯಾಮೆರಾಗಳು ಎರಡಿದ್ದವು. ಒಂದು ಮದುವೆಯದು, ಇನ್ನೊಂದು ಸಾವಿನದು. ಅದನ್ನು ಸಾವಿಗೆ ಒಯ್ಯುತ್ತಿರಲಿಲ್ಲ, ಇದನ್ನು ಮದುವೆಗೆ ಒಯ್ಯುತ್ತಿರಲಿಲ್ಲ. ನಮ್ಮ ಕಡೆ ಶಿವಭಕ್ತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಹಣೆತುಂಬ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಬದುಕಿದ್ದಾಗ ಒಂದು ಫೋಟೊ ತೆಗೆಸಿಕೊಳ್ಳದವರಿಗೆ ಅದೇ ಮೊದಲ ಫೋಟೊ, ಅದೇ ಕಡೆಯದು. ನಮ್ಮ ಮನೆಯಲ್ಲಿ ಅಜ್ಜಿ ರಾಚಮ್ಮನದು ಅಂಥದ್ದೇ ಒಂದಿದೆ. ಕಣ್ಣು ಮುಚ್ಚಿದೆ, ಆದರೆ ಸೀರೆಯ ಅಂಚಿನ ಒಂದೊಂದು ಎಳೆಯೂ ಎಣಿಸುವಂತೆ ಕಾಣುತ್ತದೆ. ಅಂಥ ಫೋಟೊಗಳ ಹಿಂದೆ ಗುರುಮಲ್ಲಪ್ಪ ಸ್ಟುಡಿಯೋದ ಮೊಹರು ಒತ್ತುತ್ತಿರಲಿಲ್ಲ. ಸಾವಿನ ಮನೆಯಲ್ಲಿ ಹೆಸರು ಮಾಡಿಕೊಳ್ಳಬಾರದು ಅನ್ನುತ್ತಿದ್ದರಂತೆ.

ಮದುವೆಯ ಕ್ಯಾಮೆರಾದ ಮುಂಭಾಗದಲ್ಲಿ ಹಿತ್ತಾಳೆ ಬಿಲ್ಲೆಯಿತ್ತು, ಅದರ ಮೇಲೆ ಇಂಗ್ಲೆಂಡಿನ ಕಂಪನಿಯೊಂದರ ಹೆಸರು. ಪ್ರತಿ ಆಯುಧಪೂಜೆಗೂ ಅದಕ್ಕೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಸಾವಿನದಕ್ಕೆ ಹೆಸರೂ ಇಲ್ಲ, ಪೂಜೆಯೂ ಇಲ್ಲ. ಅಟ್ಟದ ಮೇಲೆ ಗೋಣಿಚೀಲದಲ್ಲಿ ಇರುತ್ತಿತ್ತು. ಗುರುಮಲ್ಲಪ್ಪ ಹೋದ ಮೇಲೆ ಅದು ಕೆಳಗಿಳಿಯಲೇ ಇಲ್ಲ.

ಮಗಳು ಮಧುಶ್ರೀಯನ್ನು ನೋಡಲು ತಿ. ನರಸೀಪುರದಿಂದ ಹುಡುಗನ ತಂದೆ ಶಿವರಾಜು ಮತ್ತು ಮನೆಯವರು ಬಂದಾಗ ಯಾರೋ ಅದರ ಸುದ್ದಿ ಅವರ ಕಿವಿಗೆ ಹಾಕಿದ್ದರು. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದೇ ಶಿವರಾಜು ತಲೆಯೆತ್ತಿ ಅಟ್ಟ ನೋಡಿದರು.

"ಅದೇನೋ ಎಣದ್ ಕ್ಯಾಮೆರಾ ಮಡಿಕೊಂಡಿದ್ದೀರಂತಲ್ಲ ಬೀಗ್ರೆ? ಎಣ್ಣು ಒಸ್ಲು ದಾಟೋದ್ರೊಳಗೆ ಅದು ದಾಟ್ಲಿ. ನಮ್ಮೂರು ಸಂಗಮ ಐತಲ್ಲ, ನಾನೇ ತಗೊಂಡೋಗಿ ಬುಟ್ಬುಡ್ತೀನಿ."

ಒಡೆದ ವಿಗ್ರಹ, ಹಳೆಯ ದೇವರ ಪಟ, ಮನೆಯಲ್ಲಿ ಇರಬಾರದ್ದು ಯಾವುದೇ ಆದರೂ ಹೊಳೆಗೆ ಬಿಡುವುದು ನಮ್ಮ ಕಡೆಯ ಪದ್ಧತಿ. ಬೆಟ್ಟಸ್ವಾಮಿ ತಾವೇ ಏಣಿ ಹತ್ತಿ ಗೋಣಿಚೀಲ ಇಳಿಸಿ ಅವರ ಕಾರಿನಲ್ಲಿಟ್ಟರು. ಚೀಲ ಬಿಚ್ಚಿಯೂ ನೋಡಲಿಲ್ಲ. ಮುಂದಿನ ತಿಂಗಳು ಮದುವೆಯಾಯಿತು.

ಹೋದ ವರ್ಷ ಮೈಸೂರಿನಲ್ಲಿ ಹಳೆಯ ಕ್ಯಾಮೆರಾಗಳದೊಂದು ಗ್ಯಾಲರಿ ಮಾಡುತ್ತಿದ್ದಾರೆಂದು ಬೆಟ್ಟಸ್ವಾಮಿಗೆ ತಿಳಿಯಿತು. ಒಳ್ಳೆಯದು ಸಿಕ್ಕರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಬಳಸಿದವರ ಹೆಸರು ಬರೆಸುತ್ತಾರಂತೆ. ಬೆಟ್ಟಸ್ವಾಮಿಗೆ ಬೇಕಾಗಿದ್ದುದು ಅದೊಂದೇ: 'ಗುರುಮಲ್ಲಪ್ಪ, ನಂಜನಗೂಡು' ಎಂಬ ಸಾಲು. ಊರಲ್ಲಿ ಅಪ್ಪನ ಹೆಸರಿನ ಬೋರ್ಡು ಇಳಿದುಹೋಗಿತ್ತು, ಫೋಟೊಗಳ ಹಿಂದಿನ ಮೊಹರೂ ಮಾಸಿತ್ತು. ಮದುವೆಯ ಕ್ಯಾಮೆರಾವನ್ನು ಮಗುವಿನ ಹಾಗೆ ಪಂಚೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋದರು.

ಗ್ಯಾಲರಿಯಲ್ಲಿ ಕ್ಯಾಮೆರಾಗಳನ್ನು ಪರೀಕ್ಷಿಸುತ್ತಿದ್ದವಳು ಗಾನವಿ ಎಂಬ ಹುಡುಗಿ. ಬಿಲ್ಲೆ ನೋಡಿ ಅವಳ ಮುಖ ಅರಳಿತು. ತಿರುಗಿಸಿ, ಮುರುಗಿಸಿ ನೋಡುತ್ತ ನೋಡುತ್ತ ಅರಳಿದ್ದು ಮುದುಡಿತು.

"ಅಂಕಲ್, ಬಿಲ್ಲೆ ಬಿಚ್ಲಾ?"

ಬಿಲ್ಲೆಗೆ ನಾಲ್ಕು ತೂತು. ಮೇಲಿನ ಎರಡಕ್ಕೆ ಮಾತ್ರ ಸ್ಕ್ರೂ ಹಾಕಿತ್ತು. ಕೆಳಗಿನ ಎರಡಕ್ಕೆ ಅಡಿಯಲ್ಲಿ ಮರ ಸಿಗದೆ ಅರಗು ತುಂಬಿ ಬಣ್ಣ ಬಳಿದಿತ್ತು. ಬಿಲ್ಲೆ ಎದ್ದು ಬಂದಾಗ ಒಳಗೆ ಒಣಗಿದ ಕುಂಕುಮದ ಪುಡಿ, ಅದರಡಿಯಲ್ಲಿ ಮರಕ್ಕೇ ಸುಟ್ಟು ಒತ್ತಿದ್ದ ಮದರಾಸಿನ ಬಡಗಿ ಕಾರ್ಖಾನೆಯೊಂದರ ಮುದ್ರೆ.

"ಬಿಲ್ಲೆ ಅಸಲಿ ಅಂಕಲ್, ಕ್ಯಾಮೆರಾ ಬೇರೆ. ಇಂಥವು ನಮ್ಮಲ್ಲಿ ಆಗ್ಲೇ ಬೇಕಾದಷ್ಟು ಬಂದಿವೆ. ಈ ಬಿಲ್ಲೆ ಇದ್ದ ಕ್ಯಾಮೆರಾ ಸಿಕ್ಕಿದ್ರೆ ತನ್ನಿ, ಅದನ್ನ ಮಧ್ಯದ ಪೆಟ್ಟಿಗೆಯಲ್ಲೇ ಇಡ್ತೀವಿ. ನಿಮ್ಮನೇಲಿ ಇನ್ನೊಂದು ಇತ್ತಾ?"

ಬೆಟ್ಟಸ್ವಾಮಿ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ಎದ್ದರು.

ಮನೆಗೆ ಬಂದು ಹೇಳಿದಾಗ ರುದ್ರಾಣಿ ಅವರೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಅತ್ತೆ ಯೋಳಿದ್ರು. ಮಾವ ಮೊದ್ಲು ತಂದಿದ್ದು ಇಂಗ್ಲೆಂಡ್ ಕ್ಯಾಮೆರಾನೇ. ತಂದ ವಾರ್ದಲ್ಲೇ ಯಾರೋ ದೊಡ್ಡೋರು ತೀರೋದ್ರಂತೆ, ಅದ್ರಲ್ಲೇ ತೆಗೆದ್ರು. ಆಮೇಲೆ ಅದನ್ನ ಮದ್ವೆಗೆ ಯಾರು ಕರೀತಾರೆ? ಅಗ್ಗದ್ದೊಂದು ತಂದು, ಇದ್ರ್ ಎಸ್ರು ಕಿತ್ತು ಅದಕ್ಕೆ ಮೆತ್ತುದ್ರು."

"ಗೊತ್ತಿತ್ತಾ ನಿಂಗೆ? ಅವತ್ತು ನಾನು ಏಣಿ ಅತ್ತುವಾಗ ಬಾಯಿ ಇರ್ಲಿಲ್ವಾ?"

"ಇತ್ತು. ಮಗ್ಳು ಮದ್ವೆನೂ ಆಗ್ಬೇಕಿತ್ತು. ಯೋಳಿದ್ರೆ ನೀವು ಕೊಡ್ತಿದ್ರಾ?"

 

ಮಾರನೆಯ ದಿನ ಬೆಟ್ಟಸ್ವಾಮಿ ತಿ. ನರಸೀಪುರಕ್ಕೆ ಹೋದರು. ಸಂಗಮದಲ್ಲಿ ಯಾವ ಕಡೆ ಬಿಟ್ಟರೆಂದು ಗೊತ್ತಾದರೆ, ಬೇಸಿಗೆಯಲ್ಲಿ ನೀರು ಇಳಿದಾಗ ದೋಣಿಯವರ ಕೈಲಿ ಹುಡುಕಿಸಬಹುದೆಂಬ ಹುಚ್ಚು ಆಸೆ. ಶಿವರಾಜು ಜಗುಲಿಯಲ್ಲಿ ಕುರ್ಚಿ ಎಳೆದು ಕೂರಿಸಿದರು. ಮಧುಶ್ರೀ ಒಳಗಿನಿಂದ ನೀರು ತಂದುಕೊಟ್ಟು ಬಾಗಿಲ ಬಳಿ ನಿಂತಳು.

ಶಿವರಾಜು ಮೊದಲು ಕೆಮ್ಮಿದರು, ಆಮೇಲೆ ನಕ್ಕರು.

"ಒಳೆಗೆ ಬುಡೋಕೆ ಅಂತ್ಲೇ ಓದೆ ಬೀಗ್ರೆ, ದೇವ್ರಾಣೆ. ದಾರೀಲಿ ಓಟ್ಲು ಕಟ್ತಿದ್ದೋನು ಸಿಕ್ಕುದ. 'ಷೋಗೆ ಬೇಕು, ಕೊಡಿ' ಅಂದ. ನೀರ್ ಪಾಲಾಗೋದು ಓಟ್ಲು ಪಾಲಾಗ್ಲಿ ಅಂತ ಕೊಟ್ಟೆ. ಸುಮ್ನೆ ಇಸ್ಕೊಳಾಕೆ ಅವ್ನಿಗೂ ಮನಸ್ಸಾಗ್ಲಿಲ್ಲ, ಈ ಕುರ್ಚಿಗಳ್ನ ಕಳಿಸ್ದ." ಬೆಟ್ಟಸ್ವಾಮಿ ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯ ಕೈ ತಟ್ಟಿ ತೋರಿಸಿದರು. "ಗಟ್ಟಿಯಾಗವೆ. ಕೂತ್ಕಳಿ, ಕೂತ್ಕಳಿ."

ಬೆಟ್ಟಸ್ವಾಮಿ ಎದ್ದು ನಿಂತಿದ್ದರು. ಬಾಯಿಗೆ ಬಂದದ್ದನ್ನು ಆಡುವಷ್ಟರಲ್ಲಿ ಮಗಳ ಮುಖ ಕಂಡಿತು. ಅವಳು 'ಬೇಡ' ಎಂಬಂತೆ ತಲೆಯನ್ನು ಇಷ್ಟೇ ಇಷ್ಟು ಆಡಿಸಿದಳು. ಅವರು ಮತ್ತೆ ಅದೇ ಕುರ್ಚಿಯಲ್ಲಿ ಕೂತರು, ಮಜ್ಜಿಗೆ ಕುಡಿದರು.

ಹೋಟೆಲು ಮೈಸೂರು ರಸ್ತೆಯಲ್ಲೇ ಇತ್ತು. ಒಳಗೆ ಹೋಗುತ್ತಲೇ, ಕೈ ತೊಳೆಯುವ ಜಾಗದ ಪಕ್ಕ, ಅಪ್ಪನ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಲೆನ್ಸ್ ಕಿತ್ತು ಆ ತೂತಿನಲ್ಲಿ ಹಳದಿ ಬಲ್ಬು ಕೂರಿಸಿದ್ದರು. ಹಿಂದಿನ ಮಡಿಕೆಮಡಿಕೆಯ ತಿದಿಯನ್ನು ಕತ್ತರಿಸಿ ವೈರು ಎಳೆದಿದ್ದರು. ಮರಕ್ಕೆ ಹೊಳೆಯುವ ವಾರ್ನಿಷು. ಮುಂಭಾಗದಲ್ಲಿ ಮಾತ್ರ ವಾರ್ನಿಷಿನೊಳಗಿನಿಂದಲೇ ನಾಲ್ಕು ಸಣ್ಣ ತೂತುಗಳು ಕಾಣುತ್ತಿದ್ದವು.

ಬೆಟ್ಟಸ್ವಾಮಿ ಜೇಬಿನಿಂದ ಬಿಲ್ಲೆ ತೆಗೆದು ಅಲ್ಲಿ ಒತ್ತಿ ಹಿಡಿದರು. ನಾಲ್ಕಕ್ಕೆ ನಾಲ್ಕೂ ಕೂತವು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

"ಸಾ, ಮುಟ್ಬೇಡಿ, ಕರೆಂಟ್ ಒಡೀತದೆ," ಅಂದ ಸಪ್ಲೈಯರ್. "ಫೋಟೊ ಬೇಕಾ? ಪಕ್ಕ ನಿಂತ್ಕಳಿ, ತೆಗೀತೀನಿ. ಎಲ್ರೂ ತೆಗೆಸ್ಕತಾರೆ."

ಮಾಲೀಕನನ್ನು ಕೇಳಿದರು. ಅವನು ಮರ್ಯಾದೆಯಿಂದಲೇ ಮಾತಾಡಿದ. ಕೊಡುವುದಿಲ್ಲ, ಗಿರಾಕಿಗಳಿಗೆ ಅದು ಇಷ್ಟ ಅಂದ. ಲೆನ್ಸ್ ಕೇಳಿದ್ದಕ್ಕೆ, "ಆ ಗಾಜಾ? ಎಲೆಕ್ಟ್ರಿಷನ್ ತಗೊಂಡೋದ ಅನ್ಸುತ್ತೆ," ಅಂದ. ಅದು ಸಾವಿನ ಕ್ಯಾಮೆರಾ ಎಂದು ಹೇಳಿದ್ದರೆ ಅವತ್ತೇ ಹೊರಗೆ ಎಸೆಯುತ್ತಿದ್ದನೋ ಏನೋ. ಆದರೆ ಆ ಸುದ್ದಿ ನರಸೀಪುರ ತಲುಪಲು ಎಷ್ಟು ಹೊತ್ತು ಬೇಕು? ಕೊಟ್ಟವರು ಯಾರೆಂದು ಊರಿಗೆಲ್ಲ ಗೊತ್ತಾಗುತ್ತದೆ, ಬೈಗುಳ ಬೀಳುವುದು ಆ ಮನೆಯ ಸೊಸೆ ಮಧುಶ್ರೀಯ ಮೇಲೆ. ಬೆಟ್ಟಸ್ವಾಮಿ ಬಿಲ್ಲೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಮಾಲೀಕ ಒಂದು ಕಾಫಿ ಕೊಡಿಸಿ ಕಳಿಸಿದ.

ಗಾನವಿ ಎರಡು ಸಲ ಫೋನ್ ಮಾಡಿದಳು. ಆ ಕ್ಯಾಮೆರಾ ಸಿಗಲಿಲ್ಲ ಅಂದುಬಿಟ್ಟರು.

ಈ ಸಲದ ಆಯುಧಪೂಜೆಯ ದಿನ ನಾನು ಅಂಗಡಿಗೆ ಹೋದಾಗ ಬೀರುವಿನ ಮುಂದೆ ಮದುವೆಯ ಕ್ಯಾಮೆರಾ ಹಾರ ಹಾಕಿಕೊಂಡು ನಿಂತಿತ್ತು. ಬಿಲ್ಲೆ ಮತ್ತೆ ಅದರ ಮೇಲೆಯೇ ಇತ್ತು: ಎರಡು ಸ್ಕ್ರೂ, ಎರಡು ಅರಗು. ಹಬ್ಬಕ್ಕೆ ಮಗಳನ್ನು ಕರೆದುಕೊಂಡು ಬೀಗರೂ ಬಂದಿದ್ದರು. ಶಿವರಾಜು ಪ್ರಸಾದದ ಕಡಲೆಪುರಿ ಬಾಯಿಗೆ ಹಾಕಿಕೊಳ್ಳುತ್ತ, ಜೊತೆಗೆ ಬಂದಿದ್ದ ನೆಂಟರಿಗೆ ಕೇಳಿಸುವಂತೆ ಅಂದರು:

"ಇದೇ ಅಲ್ವಾ ಬೀಗ್ರೆ, ನಿಮ್ಮಪ್ಪಾಜಿಯವ್ರ ಇಂಗ್ಲೆಂಡ್ ಕ್ಯಾಮೆರಾ?"

ರುದ್ರಾಣಿ ಮಂಗಳಾರತಿ ತಟ್ಟೆ ಹಿಡಿದು ಅಲ್ಲೇ ನಿಂತರು. ಮಧುಶ್ರೀ ನೆಲ ನೋಡುತ್ತಿದ್ದಳು.

ಬೆಟ್ಟಸ್ವಾಮಿ ವಿಭೂತಿಯ ಕೈಯನ್ನು ಪಂಚೆಗೆ ಒರೆಸಿಕೊಂಡರು.

"ಊ. ಎಸ್ರು ಐತಲ್ಲ, ಓದ್ಕಳಿ," ಅಂದರು.